ಹುಳಿ ನಾತದ ಎಣ್ಣೆ

"ನಾರ್ತೀ, ಬಾಯಲ್ಲಿ ನೀರು ಬಂತೇನೇ?"

ಗೋಡೆಯ ಆಚೆಯಿಂದ ಈ ಪ್ರಶ್ನೆ ಬಂದರೆ ನಾನು ನಿಜ ಹೇಳಲೇಬೇಕು. ಬಂದಿಲ್ಲ ಎಂದರೆ ಯೂ ತರ್ವಿ ತಾನು ಅಭ್ಯಾಸ ಮಾಡುತ್ತಿದ್ದ ಜಾಹೀರಾತನ್ನು ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ಬಂತು ಎಂದು ಸುಳ್ಳು ಹೇಳಿದರೆ, "ಬಂದಿದ್ರೆ ನುಂಗಿದ ಸದ್ದು ಕೇಳ್ಬೇಕಿತ್ತಲ್ಲ" ಎನ್ನುತ್ತಾಳೆ. ನಮ್ಮೆರಡು ಮನೆಗಳ ನಡುವೆ ಇರುವುದು ಬಿದಿರು ತಟ್ಟಿಯ ಗೋಡೆ. ನಾನು ಉಗುಳು ನುಂಗಿದ್ದು ಅವಳಿಗೆ ನಿಜಕ್ಕೂ ಕೇಳಿಸುತ್ತದೆ.

ಯೂ ಎಂದರೆ ಅಕ್ಕ. ಅವಳಿಗಿಂತ ಹಿರಿಯರೂ ಅವಳನ್ನು ಹಾಗೇ ಕರೆಯುತ್ತಾರೆ. ತೆಗಾಲ್ ಪೇಟೆಯ ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಪುಟ್ಟ ರೇಡಿಯೋ ಕೇಂದ್ರವಿದೆ. ಅಲ್ಲಿ ಜಾಹೀರಾತು ಹೇಳುವುದು ಅವಳ ಕೆಲಸ. ಎಲ್ಲ ಜಾಹೀರಾತನ್ನೂ ಅವಳು ಹೇಳುವುದಿಲ್ಲ. ಕೆಳಗಿನ ಸೈಕಲ್ ಅಂಗಡಿಯವನು ಒಮ್ಮೆ ಮೆಟ್ಟಿಲು ಹತ್ತಿ ಬಂದಾಗ, "ಚಿತ್ರ ಬರೆಸಿ ಬೀದಿಗೆ ತೂಗುಹಾಕಪ್ಪ, ಜನ ನೋಡ್ತಾರೆ" ಎಂದು ಕಳಿಸಿದ್ದಳು. ಟೇಪ್ ರೆಕಾರ್ಡರ್ ಮಾರುವವನಿಗೆ, "ಅಂಗಡಿ ಮುಂದೆ ಜೋರಾಗಿ ಹಾಕು, ಜನ ಕೇಳ್ತಾರೆ, ನಾನ್ಯಾಕೆ ನಡುವೆ" ಎಂದಳು. ಅವಳ ಹತ್ತಿರ ಬರುತ್ತಿದ್ದವರು ಕಣ್ಣಿಗೂ ಕಿವಿಗೂ ತೋರಿಸಲು ಏನೂ ಇಲ್ಲದವರು. ಮಲ್ಲಿಗೆ ಚಹಾದವರು, ಮೈಕೈ ನೋವಿಗೆ ಹಚ್ಚುವ ಮುಲಾಮಿನವರು, ಸೀಗಡಿ ಕುಟ್ಟಿ ಹುದುಗು ಬರಿಸಿ ಬಿಲ್ಲೆ ಕಟ್ಟುವ ತೆರಾಸಿಯವರು. ತೆರಾಸಿಯಂತೂ ನೋಡಲು ಒಣಗಿದ ಕೆಸರಿನ ಮುದ್ದೆ. ಅದನ್ನು ಕೆಂಡದ ಮೇಲೆ ಇಟ್ಟಾಗಲೇ ಅದು ಏನೆಂದು ಗೊತ್ತಾಗುವುದು.

ಆ ತೆರಾಸಿಯಿಂದಲೇ ಅವಳು ಮೈಕಿನ ಮುಂದೆ ಬಂದದ್ದು. ಹರೆಯದಲ್ಲಿ ಅವಳು ಚಿರೆಬೋನ್ ಕಡೆಗೆ ಹೋಗುವ ರೈಲಿನಲ್ಲಿ ತೆರಾಸಿ ಮಾರುತ್ತಿದ್ದಳು. ಬುಟ್ಟಿ ಇಳಿಸಿದ ತಕ್ಷಣ ಬೋಗಿಯಲ್ಲಿ ಗದ್ದಲ. "ಏನ್ ನಾತಾನಮ್ಮಾ ಇದು, ಆಚೆ ತಗೊಂಡ್ ಹೋಗು!" ಆಗ ಇವಳು ಬುಟ್ಟಿಯನ್ನು ಇನ್ನೂ ಒಳಗೆ ಸರಿಸಿ, "ನಿಮ್ಮಮ್ಮನ ಅಡುಗೆಮನೆ ಬಂದು ಕೂತಿದೆ, ಸ್ವಲ್ಪ ಜಾಗ ಬಿಡಿ" ಎನ್ನುತ್ತಿದ್ದಳಂತೆ. ಬೈದವರೇ ಕೊಳ್ಳುತ್ತಿದ್ದರು. ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡತೊಡಗಿದ ಮೇಲೆ ರೇಡಿಯೋದಲ್ಲಿ ಹೇಳಿಸೋಣ ಎಂದು ಆಸೆಯಾಯಿತು. ಹೇಳಿಸಿದಳು. ಆಗಿನ ಉದ್ಘೋಷಕ ಗಂಟಲು ಸರಿಮಾಡಿಕೊಂಡು, "ಪರಿಮಳಭರಿತ, ಸ್ವಾದಿಷ್ಟ ತೆರಾಸಿ, ನಿಮ್ಮ ಕುಟುಂಬದ ಆಯ್ಕೆ" ಎಂದು ಓದಿದ. ಅವಳು ಬುಟ್ಟಿ ಹೊತ್ತುಕೊಂಡೇ ಆ ಮಹಡಿ ಹತ್ತಿದಳು.

"ಪರಿಮಳ ಅಂತೆ! ಗುಲಾಬಿನಾ ಅದು? ಅದು ತೆರಾಸಿ ಕಣ್ರೀ! ಮೂಗು ಮುಚ್ಕೊಂಡು ಎರಡನೇ ಸಲ ಅನ್ನ ಹಾಕಿಸ್ಕೊಳ್ಳೋ ಪದಾರ್ಥ!"

ಕೇಂದ್ರದ ಮಾಲೀಕ, ಎಲ್ಲರೂ ಪಾಕ್, ಅಂದರೆ ಯಜಮಾನರು, ಎನ್ನುವ ಕಸ್ಮೂರಿ ತೆಳ್ಳಗಿನ, ಯಾರ ಜೊತೆಗೂ ಜಗಳ ಆಡದ ಮನುಷ್ಯ. ಇವಳ ಬಾಯಿ ನಿಲ್ಲಿಸಲು ಬೇರೆ ದಾರಿ ಕಾಣದೆ, "ಹಾಗಾದ್ರೆ ನೀನೇ ಹೇಳಮ್ಮ" ಎಂದು ಮೈಕು ಅವಳ ಕಡೆ ತಿರುಗಿಸಿದರು. ಅವಳು ಮತ್ತೆ ಅದನ್ನು ಬಿಡಲಿಲ್ಲ.

ಅವಳು ಹೇಳುವ ಕ್ರಮ ನನಗೆ ಗೋಡೆಯ ಈಚೆಯಿಂದಲೇ ಬಾಯಿಪಾಠವಾಗಿದೆ. ವಾಸನೆಯನ್ನು ಎಂದೂ ಹೊಗಳುತ್ತಿರಲಿಲ್ಲ. ಘಮಘಮ ಎಂಬ ಮಾತು ಅವಳ ಬಾಯಲ್ಲಿ ಬಂದದ್ದಿಲ್ಲ. ತೆರಾಸಿಗೆ ಅವಳು ಮಾಡಿದ್ದು ಇಷ್ಟೇ: ಒಬ್ಬ ಹೆಂಗಸು ಬೇಲಿಯ ಆಚೆಯಿಂದ ಕೂಗುತ್ತಾಳೆ, "ಯಾರ್ರೇ ಅದು ಈ ಹೊತ್ತಲ್ಲಿ ಸುಡ್ತಿರೋದು? ನಮ್ಮನೆಯವರು ಈಗ ತಾನೇ ಕೈ ತೊಳೆದ್ರು!" ಆಮೇಲೆ ತಟ್ಟೆ ಎಳೆದ ಸದ್ದು, ಅನ್ನದ ಸೌಟಿನ ಸದ್ದು, ಒಬ್ಬ ಗಂಡಸಿನ ನಾಚಿಕೆಯ ಕೆಮ್ಮು. ಅಷ್ಟಾದ ಮೇಲೆ ಅಂಗಡಿಯ ಹೆಸರು. ಮುಲಾಮಿಗೆ ಬಂದರಿನ ಹಮಾಲಿಯೊಬ್ಬ ಚಾಪೆಯ ಮೇಲೆ ಬೋರಲಾಗಿ ಬಿದ್ದು ಬಿಡುವ "ಆಆಹ್" ಒಂದೇ. ಚಹಾಕ್ಕೆ ಮಣ್ಣಿನ ಕೂಜದ ಮುಚ್ಚಳ ತೆಗೆದ ಸದ್ದು, ಹಿಂದೆಯೇ ಜಗಳವಾಡುತ್ತಿದ್ದ ಇಬ್ಬರೂ ಮಾತು ನಿಲ್ಲಿಸುವುದು.

"ರೇಡಿಯೋದಿಂದ ವಾಸನೆ ಬರಲ್ಲ ನಾರ್ತಿ. ನಾನೆಷ್ಟು ಅರಚಿದ್ರೂ ಬರಲ್ಲ. ಅದು ಕೇಳೋರ ಮೂಗಲ್ಲಿ ಆಗಲೇ ಕೂತಿರುತ್ತೆ. ನಾನು ಬಾಗಿಲು ತಟ್ಟಿ ಎಬ್ಬಿಸ್ಬೇಕು, ಅಷ್ಟೇ" ಎನ್ನುತ್ತಿದ್ದಳು.

ನನ್ನ ಮಗಳು ಗೆಂಡಿಸ್ ಹುಟ್ಟಿದ ವರ್ಷ ಗಿಂಡಿ ಮಾರ್ಕಿನ ಎಣ್ಣೆಯ ಪ್ರಸಂಗ ನಡೆಯಿತು.

ಗಿಂಡಿ ಮಾರ್ಕು ನಮ್ಮೂರಿನದೇ ತೆಲೋನ್ ಎಣ್ಣೆ. ಸೋಂಪು, ಕಾಯುಪುತಿ ಮರದ ಎಲೆ, ತೆಂಗು, ಈ ಮೂರೂ ಸೇರಿದ್ದು. ಸ್ನಾನವಾದ ಮೇಲೆ ಮಗುವಿನ ಹೊಟ್ಟೆಗೆ, ಬೆನ್ನಿಗೆ, ಅಂಗಾಲಿಗೆ ಹಚ್ಚದೆ ಬಟ್ಟೆ ತೊಡಿಸುವ ತಾಯಿ ನಮ್ಮ ಕಡೆ ಇಲ್ಲ. ಮಾಡುತ್ತಿದ್ದ ಮುದುಕರು ತೀರಿಕೊಂಡರು. ಸೆಮಾರಾಂಗಿನಲ್ಲಿ ವ್ಯಾಪಾರದ ಓದು ಮುಗಿಸಿದ್ದ ಮಗ, ನಾವೆಲ್ಲ ಮಾಸ್, ಅಂದರೆ ಅಣ್ಣ, ಎನ್ನುವ ಪ್ರಸೋಜೋ, ಬಂದು ಅಂಗಡಿಯಲ್ಲಿ ಕೂತರು. ಕೆಟ್ಟವರಲ್ಲ. ದೊಡ್ಡ ಕಂಪನಿಯೊಂದರ ಹೊಸ ಎಣ್ಣೆ ಅಂಗಡಿಗಳಿಗೆ ಬಂದು ಕೂತಿತ್ತು, ಅಪ್ಪನ ಎಣ್ಣೆ ತನ್ನ ಕೈಯಲ್ಲಿ ಮುಳುಗಬಾರದೆಂಬ ಹೆದರಿಕೆ ಅವರಿಗೆ. ಆ ಹೆದರಿಕೆಯಲ್ಲೇ ಪಟ್ಟಣದ ಜಾಹೀರಾತಿನವರಿಂದ ಒಂದು ಕ್ಯಾಸೆಟ್ ಮಾಡಿಸಿಕೊಂಡು ಬಂದರು.

ಯೂ ತರ್ವಿ ಆ ಕ್ಯಾಸೆಟ್ಟನ್ನು ನಮ್ಮ ಮನೆಗೆ ತಂದು ಹಾಕಿದಳು. ಕೊಳಲು, ಪಿಟೀಲು, ಆಮೇಲೆ ರೇಷ್ಮೆಯಂಥ ಒಂದು ಹೆಣ್ಣು ದನಿ: "ಗಿಂಡಿ ಮಾರ್ಕ್. ಸುಗಂಧದ ಅಪ್ಪುಗೆ." ಕೊನೆಯಲ್ಲಿ "ಪ್ಚ್" ಎಂದು ಒಂದು ಮುತ್ತಿನ ಸದ್ದು.

"ಇದೇನೇ ಇದು ಪ್ಚ್?"

"ಮಗುಗೆ ಮುತ್ತು ಕೊಟ್ಟಿದ್ದಿರ್ಬೇಕು ಯೂ."

"ಬಾಯಲ್ಲಾ? ಯಾವೂರಿನ ತಾಯಿ ಇವಳು? ಮೂಗಿಲ್ವಾ ಇವಳಿಗೆ?" ಎಂದವಳೇ ಬಗ್ಗಿ ನನ್ನ ತೊಡೆಯ ಮೇಲಿದ್ದ ಗೆಂಡಿಸಳ ನೆತ್ತಿಗೆ ಮೂಗು ಒತ್ತಿ ಉದ್ದಕ್ಕೆ ಉಸಿರೆಳೆದುಕೊಂಡಳು. "ಹಿಂಗಲ್ವಾ ಕೊಡೋದು! ಈ ಸದ್ದು ಹಾಕಿದ್ರೆ ಮುಗೀತಲ್ಲ, ಕೊಳಲು ಯಾಕೆ ಬೇಕು?"

ಮರುದಿನ ಇದನ್ನೇ ಪ್ರಸೋಜೋ ಮುಂದೆ ಹೇಳಿದಳು. ಕ್ಯಾಸೆಟ್ ಬೇಡ, ನಿಜವಾದ ಮಗು ತರುತ್ತೇನೆ, ನೇರವಾಗಿ ಹೇಳುತ್ತೇನೆ ಎಂದಳು. ಬಹಳ ಹೊತ್ತು ಚೌಕಾಸಿ ನಡೆದು ಒಂದು ಒಪ್ಪಂದವಾಯಿತು: ಬೆಳಗಿನ ಹೊತ್ತು ಒಮ್ಮೆ ಅವಳ ರೀತಿಯಲ್ಲಿ ಆಗಲಿ, ಆದರೆ ಕೊನೆಗೆ "ಸುಗಂಧದ ಅಪ್ಪುಗೆ" ಎಂಬ ಮಾತನ್ನು ಅವಳು ಹೇಳಲೇಬೇಕು. ಪ್ರಸೋಜೋ ಖುದ್ದಾಗಿ ಬಂದು ಕೂರುತ್ತಾರೆ.

"ಮಗಳನ್ನ ಒಂದು ಗಳಿಗೆ ಕೊಡೇ" ಎಂದು ಗೋಡೆಯ ಆಚೆಯಿಂದ ಕೇಳಿದಳು.

"ಎರವಲು ಕೊಡೋಕೆ ಅದೇನು ಒನಕೆನಾ ಯೂ? ನಾನೂ ಬರ್ತೀನಿ."

ಬಿಸಿನೀರಿನಲ್ಲಿ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ, ಎರಡು ಜೊತೆ ಬಟ್ಟೆ ಮತ್ತು ಒಂದು ಹಳೆಯ ಸರೋಂಗ್ ಲುಂಗಿಯ ತುಂಡು ಚೀಲಕ್ಕೆ ತುರುಕಿಕೊಂಡು ಸೈಕಲ್ ರಿಕ್ಷಾ ಹತ್ತಿದೆ. ಮಹಡಿಯ ಆ ಕೋಣೆಯ ಗೋಡೆಗೆಲ್ಲ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳನ್ನು ಬಡಿದಿದ್ದರು. ಕಿಟಕಿ ಇಲ್ಲ. ನಾವು ಒಳಗೆ ಹೋದ ಸ್ವಲ್ಪ ಹೊತ್ತಿಗೇ ಕೋಣೆಯೆಲ್ಲ ನನ್ನ ಮಗಳಾಯಿತು. ಗಾಜಿನ ಆಚೆ ಪಾಕ್ ಕಸ್ಮೂರಿ, ಪಕ್ಕದಲ್ಲಿ ಇಸ್ತ್ರಿ ಅಂಗಿಯ ಪ್ರಸೋಜೋ. ಕೆಂಪು ದೀಪ ಹತ್ತಿತು.

ಯೂ ತರ್ವಿ ಸುಮ್ಮನೆ ನೀರಿನ ಸದ್ದು ಮಾಡಿದಳು, ಬೋಗುಣಿಯಲ್ಲಿ ಕೈಯಾಡಿಸಿ. ಟವಲ್ ಕೊಡವಿದಳು. ಸೀಸೆಯ ಮುಚ್ಚಳ ತಿರುಗಿಸಿದಳು. ಆಮೇಲೆ ಗೆಂಡಿಸಳ ಕತ್ತಿನ ಮಡಿಕೆಗೆ ಮೂಗು ಹುದುಗಿಸಿ ಉಸಿರೆಳೆದುಕೊಂಡಳು. ಎಂಥ ಉಸಿರು ಅದು! ನನಗೇ ಮೈ ಜುಮ್ಮೆಂದಿತು. ಇನ್ನೇನು "ಸುಗಂಧದ ಅಪ್ಪುಗೆ" ಎನ್ನಬೇಕು. ಬಾಯಿ ತೆರೆದಳು.

"ಛೀ! ಹುಳಿ ನಾತ! ಏನ್ ನಾತಾನೇ ನಿಂದು, ಹಾಂ?"

ಗೆಂಡಿಸ್ ಕೇಕೆ ಹಾಕಿ ನಕ್ಕಳು. ಅವಳು ನಕ್ಕಿದ್ದು ನೋಡಿ ನನ್ನ ಬಾಯಿಂದಲೂ ಬಂದುಬಿಟ್ಟಿತು, "ನಾತದ ಮೂಟೆ ಕಣೇ ನೀನು!"

ತೆಗಾಲ್ ಪೇಟೆಯ ಅಷ್ಟೂ ಮನೆಗಳಲ್ಲಿ ಅದು ಕೇಳಿಸಿತು.

ಬೇರೇನು ಬರಬೇಕಿತ್ತು ಬಾಯಲ್ಲಿ? ಎಳೆಮಗುವನ್ನು ಎದುರೆದುರು ಹೊಗಳುವುದುಂಟೇ? ಚೆಂದವಿದೆ ಎನ್ನುವ ಬದಲು ಕುರೂಪಿ ಎನ್ನುತ್ತೇವೆ, ದುಂಡಗಿದೆ ಎನ್ನುವ ಬದಲು ಒಣಮೀನು ಎನ್ನುತ್ತೇವೆ, ಮೂಸಿ ಮೂಸಿ ಮನಸ್ಸು ತುಂಬದಿದ್ದಾಗ ಹುಳಿ ನಾತ ಎನ್ನುತ್ತೇವೆ. ದೃಷ್ಟಿ ತಾಗದಿರಲಿ ಎಂದು. ಆ ಮೂಗಿನ ಹಿಂದೆಯೇ ಆ ಮಾತು ತಾನಾಗಿ ಬರುತ್ತದೆ, ಸೀನಿನ ಹಾಗೆ.

ಗಾಜಿನ ಆಚೆ ಪ್ರಸೋಜೋ ಎದ್ದು ನಿಂತಿದ್ದರು. ಕೆಂಪು ದೀಪ ಆರಿದ ತಕ್ಷಣ ಒಳಗೆ ಬಂದರು.

"ನಮ್ಮಪ್ಪನ ಎಣ್ಣೆಗೆ ನಾತ ಅಂದ್ರಲ್ಲ!"

"ಎಣ್ಣೆಗಲ್ಲ ಮಾಸ್. ಮಗುಗೆ."

"ಕೇಳೋರಿಗೆ ಹೇಗೆ ಗೊತ್ತಾಗ್ಬೇಕು? ನಾಳೆ ಆ ಕಂಪನಿಯವ್ರು ಅಂಗಡಿ ಅಂಗಡಿಗೆ ಹೋಗ್ತಾರೆ. ನೋಡಿ, ಅವರ ರೇಡಿಯೋನೇ ನಾತ ಅಂತಿದೆ ಅಂತಾರೆ. ನಾನೇನು ಹೇಳ್ಲಿ?"

"ನಿಮ್ಮಮ್ಮ ನಿಮಗೆ ಏನಂತಿದ್ರೋ ಅದನ್ನ ಹೇಳಿ."

ಪ್ರಸೋಜೋ ಮುಖ ಕೆಂಪಾಯಿತು. ನಮ್ಮ ಕಡೆ ನೋಡದೆ ಪಾಕ್ ಕಸ್ಮೂರಿಗೆ ಹೇಳಿದರು: ನಾಳೆ ಇದೇ ಹೊತ್ತಿಗೆ ಈ ಹೆಂಗಸು ಕ್ಷಮೆ ಕೇಳಬೇಕು, ನಾನು ಬರೆದುಕೊಟ್ಟದ್ದನ್ನು ಓದಬೇಕು. ಇಲ್ಲವಾದರೆ ನನ್ನ ಜಾಹೀರಾತೂ ಇಲ್ಲ, ನನ್ನ ಗೆಳೆಯರ ಅಂಗಡಿಗಳದ್ದೂ ಇಲ್ಲ. ಅವಳು ಮೈಕಿನ ಮುಂದೆ ಕೂತಿರುವವರೆಗೂ ಇಲ್ಲ.

ಅವರು ಇಳಿದುಹೋದ ಮೇಲೆ ಪಾಕ್ ಕಸ್ಮೂರಿ ಬೆವರು ಒರೆಸಿಕೊಂಡರು. "ಯೂ, ನಾಲ್ಕು ಸಾಲು ಓದಿಬಿಡು. ಮೈಕು ನಿಂಗೇ ಇರುತ್ತೆ. ಓದ್ಲಿಲ್ಲ ಅಂದ್ರೆ ನನ್ನ ಕೈಲಿ ಏನೂ ಇಲ್ಲ. ನೀನು ಕೂತ ಕುರ್ಚಿ ಸಮೇತ ಹೋಗುತ್ತೆ."

"ಕುರ್ಚಿ ಮುರಿದಿದೆ, ಹೋಗ್ಲಿ ಬಿಡಿ" ಎಂದಳು. ಮೆಟ್ಟಿಲು ಇಳಿಯುವಾಗ ಮಾತ್ರ ಅವಳ ಕೈ ನನ್ನ ಹೆಗಲ ಮೇಲೆ ಭಾರವಾಗಿ ಕೂತಿತ್ತು.

ಆ ಸಂಜೆ ನಾನು ಗೋಡೆಯ ಈಚೆಯಿಂದ ಬುದ್ಧಿ ಹೇಳಿದೆ. ನನಗೂ ಸಂಸಾರವಿದೆ, ಒಲೆ ಉರಿಯುವುದು ಹೇಗೆಂದು ಗೊತ್ತು. "ಓದಿಬಿಡು ಯೂ. ಮಾತು ತಾನೇ? ಓದಿ, ನೀರು ಕುಡಿದು, ಮುಲಾಮಿನ ಜಾಹೀರಾತಿಗೆ ಹೋಗು. ಯಾರಿಗೂ ನೆನಪಿರಲ್ಲ."

ಆಚೆ ಬೀಸಣಿಗೆ ಬಡಿಯುವುದು ಮಾತ್ರ ಕೇಳುತ್ತಿತ್ತು.

"ರೈಲಲ್ಲಿ ಬೈದವ್ರ ಹತ್ರ ನಾನೆಂದೂ ಕ್ಷಮೆ ಕೇಳ್ಲಿಲ್ಲ ನಾರ್ತಿ. ನಾತ ಇದ್ದಿದ್ದನ್ನ ಇಲ್ಲ ಅಂತ ಹೇಳಿ ಮಾರ್ಲಿಲ್ಲ. ಅದಕ್ಕೇ ಕೊಂಡ್ರು. ನಾಳೆ ಸುಗಂಧ ಅಂದೆ ಅನ್ಕೋ. ನಾಡಿದ್ದು ನಾನು 'ಆಆಹ್' ಅಂದ್ರೆ ಯಾರು ನಂಬ್ತಾರೆ?"

"ಮೈಕು ಹೋದ್ರೆ?"

"ಬುಟ್ಟಿ ಇದೆ. ರೈಲು ಇದೆ." ಬೀಸಣಿಗೆ ನಿಲ್ಲಿಸಿ, "ಮಂಡಿ ಮಾತ್ರ ಮೊದಲಿನ ಹಾಗಿಲ್ಲ" ಎಂದಳು.

ಮರುದಿನ ನಾನು ಹೋಗಲಿಲ್ಲ. ಮಗುವನ್ನು ಆ ಜಗಳಕ್ಕೆ ಮತ್ತೆ ಕರೆದೊಯ್ಯಲು ಮನಸ್ಸಾಗಲಿಲ್ಲ. ಅನ್ನಕ್ಕೆ ಇಟ್ಟು, ಗೆಂಡಿಸಳಿಗೆ ಸ್ನಾನ ಮಾಡಿಸಿ, ಚಾಪೆಯ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಾ ರೇಡಿಯೋ ಹಾಕಿದೆ. ಹಿಂದಿನ ದಿನದ ಸುದ್ದಿ ಗಲ್ಲಿಗೆಲ್ಲ ಗೊತ್ತಿತ್ತು. ಎದುರು ಮನೆಯಲ್ಲೂ ರೇಡಿಯೋ, ಅದರಾಚೆ ಮನೆಯಲ್ಲೂ ರೇಡಿಯೋ. ಒಂದೇ ದನಿ ಸಾಲಾಗಿ ಎಲ್ಲ ಕಿಟಕಿಗಳಿಂದ ಬಂತು.

"ನಿನ್ನೆ ಈ ಹೊತ್ತಲ್ಲಿ ನಾನು ಆಡಿದ ಅಚಾತುರ್ಯದ ಮಾತಿಗಾಗಿ..." ಕಾಗದದ ಮಾತು. ಅವಳದ್ದಲ್ಲ. ಓದು ಎಂದವಳು ನಾನೇ, ಓದುತ್ತಿದ್ದಾಳಲ್ಲ ಎಂದು ಸಂಕಟವಾದದ್ದೂ ನನಗೇ.

ಅವಳು ನಿಲ್ಲಿಸಿದಳು. ಕಾಗದ ಮಡಿಸಿದ ಸದ್ದು ಕೇಳಿಸಿತು.

"ಈ ಕಾಗದದಲ್ಲಿ ಕ್ಷಮೆ ಕೇಳು ಅಂತ ಬರೆದವ್ರೆ. ಕೇಳಲ್ಲ. ನಿನ್ನೆ ಇಲ್ಲಿಗೆ ಒಂದು ಮಗು ಬಂದಿತ್ತು. ಅದಕ್ಕೆ ಗಿಂಡಿ ಮಾರ್ಕಿನ ಎಣ್ಣೆ ಹಚ್ಚಿತ್ತು. ನಾನು ಅದನ್ನ ಮೂಸಿದೆ. ಮೂಸಿ ಹುಳಿ ನಾತ ಅಂದೆ. ಇವತ್ತೂ ಅಂತೀನಿ. ಅದನ್ನ ಸುಗಂಧ ಅಂತ ಅಂದು ಆ ಮಗುಗೆ ಜ್ವರ ಬಂದ್ರೆ ಕೂತು ತಣ್ಣೀರು ಬಟ್ಟೆ ಹಾಕೋರು ಯಾರು, ಜಾಹೀರಾತಿನವ್ರಾ?"

ಎದುರು ಮನೆಯಲ್ಲಿ ಯಾರೋ ನಕ್ಕರು.

"ತಪ್ಪಾ ಸರಿಯಾ ನೀವೇ ಹೇಳಿ. ನಂಗೆ ಹೇಳ್ಬೇಡಿ, ನಂಗೆ ಕೇಳ್ಸಲ್ಲ. ಯಾರ ಮನೇಲಿ ಮಗುಗೆ ಈಗ ತಾನೇ ಸ್ನಾನ ಆಗಿದೆಯೋ ಎತ್ಕೊಳ್ಳಿ. ಮೂಗು ಇಡಿ. ಆಮೇಲೆ ಬಾಯಿಗೆ ಏನು ಬರುತ್ತೋ ಅದು ಜಾಹೀರಾತು. ನಾನು ಕಾಯ್ತೀನಿ."

ರೇಡಿಯೋ ಸುಮ್ಮನಾಯಿತು. ಕೆಟ್ಟಿತೇನೋ ಎಂದು ಕಿವಿ ಹತ್ತಿರ ತಂದೆ. ಇಲ್ಲ, ದೂರದಲ್ಲಿ ಅವಳ ಮುರುಕು ಕುರ್ಚಿ ಕಿರ್ ಎನ್ನುತ್ತಿತ್ತು.

ನಾನು ಗೆಂಡಿಸಳನ್ನು ಎತ್ತಿಕೊಂಡೆ. ಎಣ್ಣೆಗೆ ಜಾರುತ್ತಿದ್ದಳು. ಕತ್ತಿನ ಮಡಿಕೆಗೆ ಮೂಗು ಇಟ್ಟೆ. ಬಿಸಿನೀರು, ಸೋಂಪು, ಹಾಲು, ಅದರ ಕೆಳಗೆ ಅವಳದೇ ಆದ ಇನ್ನೊಂದು. ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ.

"ಛೀ, ನಾತ" ಎಂದೆ.

ಎದುರು ಕಿಟಕಿಯಿಂದ, "ಥೂ, ಹುಳಿ ನಾತ! ಒಣಮೀನು ನನ್ಮಗನೇ!" ಅದರಾಚೆಯ ಮನೆಯಿಂದ ಮುದುಕಿಯೊಬ್ಬಳ ದನಿ, "ಕೊಡೇ ಇಲ್ಲಿ, ನಾನೂ ಮೂಸ್ತೀನಿ... ಅಯ್ಯಯ್ಯಯ್ಯೋ, ನಾತ!" ಗಲ್ಲಿಯ ತುದಿಯಲ್ಲಿ ಒಂದು ಮಗು ಕಿಲಕಿಲ ನಕ್ಕಿತು. ರೇಡಿಯೋ ಇನ್ನೂ ಸುಮ್ಮನಿತ್ತು. ನನ್ನ ಅನ್ನ ಸೀದು ಹೋಯಿತು.

ಬಹಳ ಹೊತ್ತಾದ ಮೇಲೆ ಅವಳ ದನಿ ಬಂತು, ತೀರಾ ಸಾದಾ: "ಗಿಂಡಿ ಮಾರ್ಕು. ದೊಡ್ಡ ಪೇಟೆ, ಮಸೀದಿ ಎದುರಿನ ಅಂಗಡಿ."

"ಯಾಕೆ ಸ್ವಿಚ್ ಆರಿಸ್ಲಿಲ್ಲ?" ಎಂದು ಆಮೇಲೆ ಪಾಕ್ ಕಸ್ಮೂರಿಯನ್ನು ನಾನೇ ಕೇಳಿದೆ. "ಆರಿಸೋಕೆ ಅಲ್ಲೇನಿತ್ತಮ್ಮ? ಸದ್ದೇ ಇರ್ಲಿಲ್ವಲ್ಲ" ಎಂದರು.

ಪ್ರಸೋಜೋ ಹೇಳಿದಂತೆ ಮಾಡಿದರು. ತಮ್ಮ ಜಾಹೀರಾತು ತೆಗೆದರು, ಗೆಳೆಯರದ್ದನ್ನೂ ತೆಗೆಸಿದರು. ಕೇಂದ್ರಕ್ಕೆ ಕಷ್ಟವಾಯಿತು. ಮಧ್ಯಾಹ್ನದ ಕಾರ್ಯಕ್ರಮ ನಿಂತಿತು, ಫ್ಯಾನು ಕೆಟ್ಟದ್ದು ಕೆಟ್ಟೇ ಉಳಿಯಿತು. ಪಾಕ್ ಕಸ್ಮೂರಿ ಮೈಕು ಕಿತ್ತುಕೊಳ್ಳಬೇಕೆಂದು ಎರಡು ಬಾರಿ ಗಟ್ಟಿ ಮನಸ್ಸು ಮಾಡಿದರಂತೆ. ಆದರೆ ಅಷ್ಟು ಹೊತ್ತಿಗೆ ಮೀನುಗಾರರ ಹೆಂಡತಿಯರು, ಹುರಿದ ತೋಫು ಮಾರುವವರು, ಮುಲಾಮಿನ ಮುದುಕ, ಎಲ್ಲರೂ ಮೆಟ್ಟಿಲು ಹತ್ತಿ ಬಂದು "ಯೂ ತರ್ವಿ ಹೇಳೋದಾದ್ರೆ ಕೊಡ್ತೀವಿ" ಎನ್ನುತ್ತಿದ್ದರು. ಅವರಲ್ಲಿ ಕೆಲವರು ಕೊಡುತ್ತಿದ್ದುದು ಒಣಮೀನು. ಮೈಕು ಉಳಿಯಿತು. ಒಣಮೀನು ನಮ್ಮ ಮನೆಗೂ ಬರುತ್ತಿತ್ತು.

ಅಂಗಡಿಗಳಲ್ಲಿ ಮಾತ್ರ ಬೇರೆಯೇ ಆಯಿತು. ಗಿಂಡಿ ಮಾರ್ಕು ಎಂದು ಕೇಳುವವರೇ ಕಡಿಮೆಯಾದರು. "ಆ ಹುಳಿ ನಾತದ ಎಣ್ಣೆ ಒಂದು ಸೀಸೆ ಕೊಡಪ್ಪ" ಎಂದರೆ ಅಂಗಡಿಯವನು ಇನ್ನೊಂದು ಪ್ರಶ್ನೆ ಕೇಳದೆ ಅದನ್ನೇ ತೆಗೆದುಕೊಡುತ್ತಿದ್ದ.

ಅದು ಪ್ರಸೋಜೋ ಕಿವಿಗೂ ಬಿತ್ತು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಪಟ್ಟಣದ ಜಾಹೀರಾತಿನವನೊಬ್ಬನನ್ನು ಕರೆದುಕೊಂಡು ಅವರೇ ನಮ್ಮ ಗಲ್ಲಿಗೆ ಬಂದರು. ಯೂ ತರ್ವಿ ಜಗುಲಿಯಲ್ಲಿ ಕೂತು ಮಂಡಿಗೆ ಎಣ್ಣೆ ಉಜ್ಜುತ್ತಿದ್ದಳು. ನಾನು ಗೆಂಡಿಸಳಿಗೆ ಗಂಜಿ ತಿನ್ನಿಸುತ್ತಿದ್ದೆ.

"ಬು ತರ್ವಿಯಾ," ಎಂದರು ಪ್ರಸೋಜೋ. ಈ ಸಲ ಅಮ್ಮಾ ಎಂದು ಕರೆದ ಹಾಗೆ, ಪೂರ್ತಿ ಹೆಸರು ಹಿಡಿದು. "ಆ ಮಾತನ್ನ ಕ್ಯಾಸೆಟ್ಟಿಗೆ ಒಂದು ಸಲ ಹೇಳಿಕೊಟ್ರೆ ಸಾಕು. ಎಲ್ಲಾ ಊರಿನ ರೇಡಿಯೋದಲ್ಲೂ ಹಾಕಿಸ್ತೀವಿ. ನಿಮ್ಮ ದನೀನೇ."

"ಯಾವ ಮಾತು?"

ಪ್ರಸೋಜೋ ಸಂಕೋಚದಿಂದ ಆಚೀಚೆ ನೋಡಿದರು. "ಅದೇ. ಹುಳಿ ನಾತ."

"ನಾನು ಸುಮ್ನೆ ಗಾಳಿಗೆ ನಾತ ಅನ್ನಲ್ಲ ಮಾಸ್. ಮಗು ಇದ್ರೆ ಬರೋ ಮಾತು ಅದು."

ಜಾಹೀರಾತಿನವನು ನನ್ನ ಕಡೆ ತಿರುಗಿ, ಗೆಂಡಿಸಳ ಕೆನ್ನೆ ನೋಡಿ, "ಇದೇ ಮಗು ತಾನೇ? ಎಷ್ಟು ಮುದ್ದಾಗಿ..." ಎಂದು ಬಾಯಿ ತೆರೆದ.

"ಮುಚ್ರೀ ಬಾಯಿ!" ನಾವಿಬ್ಬರೂ ಒಟ್ಟಿಗೇ ಕಿರುಚಿದೆವು. ನಾನು ಮಗುವನ್ನು ಸೆರಗಿನೊಳಗೆ ಎಳೆದುಕೊಂಡೆ. "ನನ್ನ ಮಗಳು ಕ್ಯಾಸೆಟ್ಟಿಗೆ ಬರಲ್ಲ" ಎಂದೆ. "ಗಂಟೆಗೊಂದು ಸಲ ಊರೂರಲ್ಲಿ ಯಾರ್ಯಾರ ಕೈಲೋ ಮೂಸಿಸ್ಕೊಳ್ಳೋಕೆ ಅವಳೇನು ಹಲಸಿನ ಹಣ್ಣಾ?"

ಪ್ರಸೋಜೋ ತಲೆ ತಗ್ಗಿಸಿಕೊಂಡು ನಿಂತಿದ್ದರು. ಹೊರಡುವಾಗ ಜಗುಲಿಯ ಅಂಚಿನಲ್ಲಿ ಒಂದು ಗಳಿಗೆ ತಡೆದು, "ನಮ್ಮಮ್ಮ ನಂಗೆ ಒಣಗಿದ ಹಲ್ಲಿ ಅಂತಿದ್ರು" ಎಂದರು.

"ಸರಿಯಾಗೇ ಅಂದವ್ರೆ" ಎಂದಳು ಯೂ ತರ್ವಿ. ಆಮೇಲೆ ಒಳಗೆ ಹೋಗಿ ಅವರಿಗೆ ಚಹಾ ತಂದಳು. ಆದರೆ ಹೂಂ ಎನ್ನಲಿಲ್ಲ.

ಕ್ಯಾಸೆಟ್ ಬಂತು, ಅವಳಿಲ್ಲದೆಯೇ. ಯಾರೋ ನಟಿಯ ಕೈಯಲ್ಲಿ ಹೇಳಿಸಿದ್ದರು. ಸೆಮಾರಾಂಗಿನ ದೊಡ್ಡ ಕೇಂದ್ರದಿಂದ ನಮ್ಮ ಗಲ್ಲಿಗೂ ಕೇಳಿಸಿತು. ಕೊಳಲಿಲ್ಲ, ಪಿಟೀಲಿಲ್ಲ. ನೀರಿನ ಸದ್ದು, ಟವಲ್ಲು, ಸೀಸೆಯ ಮುಚ್ಚಳ, ಎಲ್ಲ ಇತ್ತು. ಆಮೇಲೆ ಉಸಿರು. ಆಮೇಲೆ ಆ ರೇಷ್ಮೆಯ ದನಿ, "ಛೀ, ಹುಳಿ ನಾತ!"

ಗೋಡೆಯ ಆಚೆಯಿಂದ ಯೂ ತರ್ವಿ ತಟ್ಟಿಯನ್ನು ಬಡಿದಳು.

"ನಾರ್ತೀ."

"ಹೂಂ, ಯೂ."

"ಬಾಯಲ್ಲಿ ಉಸಿರೆಳೀತಿದಾಳೆ ಕಣೇ. ಅವಳ ಕೈಲಿರೋದು ತಲೆದಿಂಬು."

ಗೆಂಡಿಸ್ ನನ್ನ ತೊಡೆಯಿಂದ ಇಳಿದು, ತಪ್ಪುಹೆಜ್ಜೆ ಇಡುತ್ತಾ ರೇಡಿಯೋದವರೆಗೆ ಹೋಗಿ, ಅದರ ಜಾಲರಿಗೆ ಮೂಗು ಒತ್ತಿದಳು. ಮೂಸಿದಳು. ನನ್ನ ಕಡೆ ತಿರುಗಿ ಇಲ್ಲ ಎಂಬಂತೆ ತಲೆ ಅಲ್ಲಾಡಿಸಿದಳು.